ಬೆಳ್ಳಿ ಲೋಟಕ್ಕಾಗಿ ಎರಡು ರಿಟರ್ನು

ನನ್ನ ಷಡ್ಡಕ ಚಿನ್ನಪ್ಪನವರಿಗೆ ಇನ್‌ಕಂ ಟ್ಯಾಕ್ಸ್ ಆಫೀಸಿನಿಂದ ಕಿರೀಟದ ಮುದ್ರೆಯ ಲಕೋಟೆ ಬಂದ ದಿನವೇ ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಆಗ ಯುದ್ಧದ ಕಾಲ. ಅವರದು ಸೋಲ್ಜರುಗಳ ಬೂಟಿಗೆ ಲೇಸು ಒದಗಿಸುವ ಕಂಟ್ರಾಕ್ಟು. ನನ್ನದು ಹಲಸೂರು ಬಜಾರಿನಲ್ಲಿ ಅದೇ ಸೋಲ್ಜರುಗಳ ಚಡ್ಡಿ ಹೊಲಿಯುವ ಉದ್ಯೋಗ. ಬೂಟಿನ ಲೇಸಿಗಿಂತ ಚಡ್ಡಿಯ ಸ್ಥಾನ ಮೇಲಿನದು ಎಂಬುದು ನನ್ನ ಖಚಿತ ಅಭಿಪ್ರಾಯ!

ದೊಮ್ಮಲೂರಿನ ನಮ್ಮ ಮಾವನವರು ಹಾಗೆ ಎಣಿಸಲಿಲ್ಲ. ಅವರ ಮನೆಯಲ್ಲಿ ಇದ್ದುದು ಒಂದೇ ಬೆಳ್ಳಿ ಲೋಟ. ಅದುವರೆಗೆ ಅದು ಒಂದು ಹಬ್ಬಕ್ಕೆ ಷಡ್ಡಕರಿಗೆ, ಇನ್ನೊಂದು ಹಬ್ಬಕ್ಕೆ ನನಗೆ ಬರುತ್ತಿತ್ತು. ಆ ಯುಗಾದಿಗೆ ಸರದಿ ನನ್ನದು. ಆದರೆ ಷಡ್ಡಕರು ಲಕೋಟೆಗೆ ಫ್ರೇಮು ಹಾಕಿಸಿ ಗೋಡೆಗೆ ಹೊಡೆದಿದ್ದರಲ್ಲ! ಲೋಟ ಅವರ ಕೈಗೆ ಹೋಯಿತು, ನನಗೆ ಹಿತ್ತಾಳೆ ಬಂತು.

"ಭಾವಂಗೆ ಸರ್ಕಾರದೋರೇ ಕಾಗ್ದ ಬರೀತಾರೆ," ಎಂದಳು ನನ್ನ ಹೆಂಡತಿ ಕಮಲ, ದಾರಿಯುದ್ದಕ್ಕೂ.

ನನಗೂ ಬರೆಸುತ್ತೇನೆ ಎಂದು ಹೊರಟೆ. ಇದರಲ್ಲಿ ಕಷ್ಟವೇನಿದೆ? ನನಗೆ ಇಂಗ್ಲಿಷ್ ಬರುವುದಿಲ್ಲ, ಅಷ್ಟೇ. ಪೋಸ್ಟಾಫೀಸಿನ ಮುಂದೆ ಅರ್ಜಿ ಬರೆಯುವ ಸಾಬರನ್ನು ಹಿಡಿದು ವರಮಾನ ತಿಳಿಸುವ ರಿಟರ್ನು ತುಂಬಿಸಿ ಕಳಿಸಿದೆ. ನನ್ನ ಅಂಗಡಿಯಲ್ಲಿದ್ದುದು ಒಂದು ಹೊಲಿಗೆ ಮಿಷನ್ನು. ನಾಲ್ಕು ಎಂದು ಬರೆಸಿದೆ. ತಿಂಗಳಾದರೂ ಉತ್ತರವಿಲ್ಲ. ಸರ್ಕಾರಕ್ಕೆ ನಾಲ್ಕು ಸಾಲಲಿಲ್ಲವೆಂದು ತಿಳಿದು, ಎಂಟು ಮಿಷನ್ನು ಹಾಕಿಸಿ ಇನ್ನೊಂದು ಕಳಿಸಿದೆ. ಸಾಬರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಹರಿದ ಅಂಗಿ ಹಾಕಿಕೊಂಡು ಹೋಗಿದ್ದು ತಪ್ಪಾಯಿತು.

ಲಕೋಟೆ ಬಂತು! ಕಿರೀಟ ಇತ್ತು! ಬೀದಿಗೆಲ್ಲ ಸಕ್ಕರೆ ಹಂಚಿದೆ, ಅದೂ ರೇಷನ್ ಸಕ್ಕರೆ. ಆಮೇಲೆ ಓದಿಸುವ ನೆಪದಲ್ಲಿ ಲಕೋಟೆಯನ್ನು ಷಡ್ಡಕರ ಮೂಗಿನ ಮುಂದೆ ಹಿಡಿದೆ. ಅವರು ನಿಧಾನವಾಗಿ ಓದಿದರು.

"ನಂಜುಂಡ, ಇದು ನೋಟೀಸು ಕಣೋ. ಒಂದೇ ವರ್ಷಕ್ಕೆ ಎರಡು ರಿಟರ್ನ್ ಯಾಕೆ ಹಾಕಿದೀಯ ಅಂತ ಕೇಳ್ತಾರೆ. ಎರಡರಲ್ಲಿ ನಿಜ ಯಾವ್ದು, ಖುದ್ದಾಗಿ ಬಂದು ಹೇಳ್ಬೇಕಂತೆ."

ನಿಜ ಎಂದರೆ ಎಂಟು ಮಿಷನ್ನಿನ ತೆರಿಗೆಗೆ ಇರುವ ಒಂದನ್ನೂ ಮಾರಬೇಕು. ಸುಳ್ಳು ಎಂದರೆ ದಂಡ. ಆ ಆಫೀಸಿನ ಬಿಳಿ ದೊರೆಯೊಡನೆ ಇಂಗ್ಲಿಷ್ ಆಡಲು ಷಡ್ಡಕರನ್ನೇ ಕೈಮುಗಿದು ಕರೆದುಕೊಂಡು ಹೋದೆ.

ಶ್ರಾವಣದಲ್ಲಿ ನಾಲ್ಕಿದ್ದ ಮಿಷನ್ನು ಭಾದ್ರಪದಕ್ಕೆ ಎಂಟು ಹೇಗಾಯಿತೆಂದು ದೊರೆ ಕೇಳಿದರು. ನಾನು ತಲೆ ತಗ್ಗಿಸಿದೆ.

"ಎರಡೂ ಸುಳ್ಳು ಸ್ವಾಮಿ. ಇರೋದು ಒಂದೇ, ಅದರ ಬೆಲ್ಟಿಗೂ ಹುರಿ ಕಟ್ಟಿದೀನಿ. ಇವರ ಮೇಲಿನ ಹೊಟ್ಟೆಕಿಚ್ಚಿಗೆ ಹಾಗೆ ಬರೆಸಿದೆ."

ಆ ಹೊಟ್ಟೆಕಿಚ್ಚನ್ನು ಇಂಗ್ಲಿಷಿಗೆ ತಿರುಗಿಸುವ ಭಾಗ್ಯ ಷಡ್ಡಕರದಾಯಿತು. ಬಹಳ ಇಷ್ಟಪಟ್ಟು, ಬೆಳ್ಳಿ ಲೋಟದ ಸಮೇತ, ವಿವರವಾಗಿ ಹೇಳಿದರು. ದೊರೆಗಳಲ್ಲೂ ಷಡ್ಡಕರಿರುತ್ತಾರೋ ಏನೋ, ಅವರು ಬೈದು ಬಿಟ್ಟುಬಿಟ್ಟರು. ನನ್ನ ವರಮಾನಕ್ಕೆ ತೆರಿಗೆಯೇ ಇಲ್ಲ, ಇನ್ನು ಮುಂದೆ ನಾನು ಕಾಗದ ಕಳಿಸಬಾರದು ಎಂದು ಬರೆದುಕೊಡಲು ಗುಮಾಸ್ತರಿಗೆ ಹೇಳಿದರು.

ಗುಮಾಸ್ತರು ಷಡ್ಡಕರ ಮುಖ ನೋಡಿ ನಕ್ಕರು. "ಹೋದ ವರ್ಷ ನಿಮಗೂ ತೆರಿಗೆ ಇಲ್ಲ ಅಂತ ಇದೇ ಕಾಗ್ದ ಅಲ್ವಾ ಕೊಟ್ಟಿದ್ದು?"

ಷಡ್ಡಕರು ಕಿಟಕಿಯ ಕಡೆ ತಿರುಗಿದರು. ನನಗೆ ಕುಣಿಯುವಷ್ಟು ಸಂತೋಷವಾಯಿತು. ಹಿಂದಿರುಗುವಾಗ ಜಟಕಾದಲ್ಲಿ ಅವರು ನನ್ನ ಕೈ ಹಿಡಿದು, "ನೀನು ಹೇಳ್ಬೇಡ, ನಾನೂ ಹೇಳಲ್ಲ," ಎಂದರು. ಒಪ್ಪಿಕೊಂಡೆ. ನನ್ನ ಲಕೋಟೆಯೂ ಫ್ರೇಮು ಕಂಡಿತು.

ದೀಪಾವಳಿಗೆ ಮಾವನವರ ಮನೆಯಲ್ಲಿ ಎದೆಯುಬ್ಬಿಸಿ ಕುಳಿತೆ. ಈಗ ಇಬ್ಬರೂ ಸರಿಸಮ. ಅತ್ತೆಯವರು ಎರಡು ಲೋಟ ತಂದು, ಬೆಳ್ಳಿಯದು ಯಾರಿಗೆಂದು ಮಾವನವರನ್ನು ನೋಡಿದರು.

"ಚಿನ್ನಪ್ಪಂಗೆ ಕೊಡು. ಅವನ ಕಾಗ್ದ ಹಳೇದು."

ಬಾಯಿ ಬಿಟ್ಟಿದ್ದರೆ ಷಡ್ಡಕರ ಕಾಗದದ ಜೊತೆ ನನ್ನದೂ ಗೋಡೆಯಿಂದ ಇಳಿಯುತ್ತಿತ್ತು. ಹಿತ್ತಾಳೆ ಲೋಟದಲ್ಲೇ ಕಾಫಿ ಕುಡಿದೆ. ಸಕ್ಕರೆ ಸರಿಯಾಗಿದೆಯಾ ಎಂದು ಅತ್ತೆ ಕೇಳಿದರು. ಸರಿಯಾಗಿದೆ ಎಂದೆ.