ಮೆಣಸು ತೂರಿದ ಫ್ಯಾನು

ಕಾಳುಮೆಣಸು ತೂರಿದ ಫ್ಯಾನನ್ನು ಒರೆಸದೆ ಮನೆಯೊಳಗೆ ತರಬಾರದು. ಬಾಳೂರಿನ ನಮ್ಮ ತೋಟದಲ್ಲಿ ನಾನು ಮಾಡಿದ ನಿಯಮ ಇದೊಂದೇ. ಪ್ರತಿವರ್ಷ ಯಾರಾದರೊಬ್ಬರು ಮುರಿಯುತ್ತಲೇ ಇರುತ್ತಾರೆ. ಈ ಸಲ ಮಾತ್ರ ಮುರಿದರೆ ನನಗೆ ನಷ್ಟವಿತ್ತು. ಬೆಳೆಗಾರರ ಸಂಘದ ಕಾರ್ಯದರ್ಶಿಯಾಗಬೇಕೆಂಬ ಆಸೆ ನನ್ನದು. ಆಯ್ಕೆಯ ಸಭೆ ಮಾರ್ಚ್‌ನಲ್ಲಿ, ನಮ್ಮ ಮನೆಯ ಹಾಲ್‌ನಲ್ಲೇ. ಶಿಸ್ತಿನ ಮನುಷ್ಯ ಎಂಬುದೊಂದೇ ನನ್ನ ಅರ್ಹತೆ.

೧. ರೈಟರ್

ತೋಟದ ಹಾಜರಿ ಬರೆಯುವ ರೈಟರ್, ಸ್ಟ್ಯಾಂಡ್ ಫ್ಯಾನಿನ ಗಾಳಿಗೆ ಮೆಣಸಿನ ಹೊಟ್ಟು ಹಾರಿಸಿ, ಒರೆಸಿದ್ದೇನೆಂದು ಫ್ಯಾನನ್ನು ತಂದಿಟ್ಟರು. ಮುಂದಿನ ಜಾಲರಿ ಹೊಳೆಯುತ್ತಿತ್ತು. ಹಿಂದಿನದರಲ್ಲಿ ಬೆರಳು ದಪ್ಪ ಧೂಳು.

"ಸರ್, ಗಾಳಿ ಬರೋದು ಮುಂದಿನಿಂದ ತಾನೆ," ಎಂದರು.

ಗಾಳಿ ಹಿಂದಿನಿಂದ ಹೊಕ್ಕೇ ಮುಂದೆ ಬರುವುದೆಂದು ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, ಫ್ಯಾನಿನ ಬೆನ್ನನ್ನು ಗೋಡೆಗೆ ಒತ್ತಿ ಇಟ್ಟು ಹೋದರು.

೨. ಮೇಸ್ತ್ರಿ

ಮರುವಾರ ಈ ಕೆಲಸ, ಆಳುಗಳನ್ನು ನೋಡಿಕೊಳ್ಳುವ ಮೇಸ್ತ್ರಿಗೆ ಬಂತು. ಹಿಂದೆ, ಮುಂದೆ, ಎರಡೂ ಕಡೆ ಸ್ವಚ್ಛವಾಗಬೇಕು ಎಂದಿದ್ದೆ. ಜೀಪು ತೊಳೆಯುವ ಪೈಪಿನಿಂದ ಮೋಟಾರ್ ಸಮೇತ ತೊಳೆದಿದ್ದ. ನಾನು ನೋಡುವಾಗ ಫ್ಯಾನು ಕಾಫಿ ಕಣದಲ್ಲಿ, ಒಣಗಲು ಹರವಿದ ಪಾರ್ಚ್‌ಮೆಂಟ್ ಕಾಫಿಬೀಜದ ಪಕ್ಕ, ಬಿಸಿಲಿಗೆ ಮಲಗಿತ್ತು. ಮೋಟಾರಿಗೆ ನೀರು ಹೋದರೆ ಗತಿಯೇನು ಎಂದೆ. ಅವನಿಗೆ ಬೇಜಾರಾಯಿತು.

"ಹಾಗೇ ಬಿಟ್ಟಿಲ್ಲ ಸಾರ್. ಗಂಟೆಗೊಂದು ಸಲ ತಿರುವಿ ಹಾಕ್ತಿದೀನಿ."

ಸಂಜೆ ಇಬ್ಬನಿ ಬೀಳುತ್ತದೆಂದು ಟಾರ್ಪಾಲನ್ನೂ ಹೊದಿಸಿದ. ಐದನೇ ದಿನ ನಾನು ಮೂಡಿಗೆರೆಗೆ ಹೋಗಿ ಹೊಸ ಫ್ಯಾನು ತಂದೆ.

೩. ನಾನು

ಸಭೆಯ ದಿನ ಬೆಳಿಗ್ಗೆ, ಮೆಣಸಿನ ವ್ಯಾಪಾರಿಯ ಗಾಡಿ ಹತ್ತಕ್ಕೇ ಬರುತ್ತದೆಂದು ಫೋನ್ ಬಂತು. ರೈಟರ್ ರಜೆ. ನಾನೇ ತೂರಿದೆ. ಮುಗಿಸುವಷ್ಟರಲ್ಲಿ ಗೇಟಿನಲ್ಲಿ ಸದಸ್ಯರ ಜೀಪುಗಳು. ಅಡುಗೆಯಮ್ಮ ಒದ್ದೆ ಬಟ್ಟೆ ಹಿಡಿದು ಬಂದರು. ಈಗ ಹೊತ್ತಿಲ್ಲ, ಬಿಡಿ ಎಂದು ಹೇಳಿ ಫ್ಯಾನನ್ನು ನಾನೇ ಒಳಗೆ ಹೊತ್ತೆ.

ಹಾಲ್ ತುಂಬ ಜನ, ಸೆಕೆ. ಶಿಸ್ತಿನ ಬಗ್ಗೆ ಎರಡು ಮಾತಾಡಿ ಸ್ವಿಚ್ ಒತ್ತಿದೆ. ಮೊದಲು ಅಧ್ಯಕ್ಷರು ಸೀನಿದರು. ಆಮೇಲೆ ಸಾಲಾಗಿ ಎಲ್ಲರೂ. ನನ್ನ ಹೆಸರು ಸೂಚಿಸಲು ಎದ್ದವರು ಮೊದಲ ಅಕ್ಷರ ಹೇಳಿ, ಮೂರು ಸಲ ಸೀನಿ, ಕೂತುಬಿಟ್ಟರು.

ಇದನ್ನು ಒರೆಸದೆ ಇಟ್ಟವರು ಯಾರು ಮಾರಾಯ್ರೆ ಎಂದು ಅಧ್ಯಕ್ಷರು ಕೇಳಿದರು. ನಾನು ಅಡುಗೆಯಮ್ಮನ ಕಡೆ ನೋಡಿದೆ. ಅವರು ಒಂದು ಹೂಂ ಅಂದಿದ್ದರೆ ಕಾರ್ಯದರ್ಶಿ ಸ್ಥಾನ ಉಳಿಯುತ್ತಿತ್ತು.

"ನೀವು ಒರೆಸಿರಲಿಲ್ಲ, ಅಲ್ವಾ?" ಎಂದೆ.

"ಒರೆಸೋಕೆ ಬಂದೆ. ಬೇಡ ಅಂದವರು ನೀವು."

ಅಡುಗೆಯಮ್ಮನೇ ಪ್ಲಗ್ ಕಿತ್ತರು. ಒದ್ದೆ ಬಟ್ಟೆಯನ್ನು ನನ್ನ ಕೈಗೆ ಕೊಟ್ಟು, ಉಳಿದವರಿಗೆ ಕಾಫಿ ತರಲು ಒಳಗೆ ಹೋದರು.