ಆಳಂದದಲ್ಲಿ ಹುಟ್ಟದ ನಕ್ಷತ್ರ

ಆ ಶನಿವಾರ ಮಹೇಶಕುಮಾರನಿಗೆ ಬೇಕಾಗಿದ್ದುದು ಮಧ್ಯಾಹ್ನದ ಒಂದು ನಿದ್ದೆ, ಅಷ್ಟೇ. ಅವನು ಲೈಸೆನ್ಸ್ ಪಡೆದ ಸರ್ವೇಯರ್. ವಾರವಿಡೀ ಮಟಕಿ ಗ್ರಾಮದ ತೊಗರಿ ಕೊಯ್ದ ಹೊಲಗಳಲ್ಲಿ ನಿಂತು, ಇಬ್ಬರು ಅಣ್ಣತಮ್ಮಂದಿರ ಬೈಗುಳದ ನಡುವೆ ಜಮೀನು ಅಳೆದು ಬಂದಿದ್ದ. ಬೈಗುಳದಲ್ಲಿ ಅರ್ಧ ಅವನ ಪಾಲಿಗೂ ಬಂದಿತ್ತು. ಊಟ ಮುಗಿಸಿ ಫ್ಯಾನಿನ ಕೆಳಗೆ ಮೈ ಚಾಚಿ ಇನ್ನೇನು ಕಣ್ಣು ಹತ್ತಬೇಕು, ಅಷ್ಟರಲ್ಲಿ ಸುನಿತಾ ಬಂದು ನಿಂತಳು.

ಸುನಿತಾ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. (ಮನೆಯಲ್ಲೂ ಕಲಿಸುತ್ತಾಳೆ.) ಹೋದ ತಿಂಗಳು ಅವಳು ಒಂದು ದೂರದರ್ಶಕ ತರಿಸಿದ್ದಳು. ಆ ಸಂಜೆ ಮಾಳಿಗೆಯ ಮೇಲೆ ಅದರ ಲೋಕಾರ್ಪಣೆ. ಶಾಲೆಯ ಇಬ್ಬರು ಟೀಚರುಗಳಿಗೂ ಜೇವರ್ಗಿಯಲ್ಲಿರುವ ತನ್ನ ಅಪ್ಪನಿಗೂ ಆಮಂತ್ರಣ ಹೋಗಿತ್ತು.

"ಏನ್ರಿ, ಮಲಗೀರೇನು?"

"ಇಲ್ಲ. ಕಣ್ಣು ಮುಚ್ಚಿ ವಿಚಾರ ಮಾಡಾಕತ್ತೇನಿ."

"ಎದ್ದು ಕೂತು ವಿಚಾರ ಮಾಡ್ರಿ. ಲ್ಯಾಪ್‌ಟಾಪಿನ್ಯಾಗ ಸಾಫ್ಟ್‌ವೇರ್ ಹಾಕೀನಿ. ಇವತ್ತ ಸಂಜಿಗಿ ಏನೇನು ಕಾಣ್ತದ, ಯಾವ ಹೊತ್ತಿಗಿ ಕಾಣ್ತದ, ಎಲ್ಲಾ ಹುಡುಕಿ ಒಂದು ಪ್ಲಾನ್ ಮಾಡ್ರಿ. ನಾ ಭಜಿ ಹಿಟ್ಟು ಕಲಸಬೇಕು."

"ಆಕಾಶ ಮ್ಯಾಲೇ ಅದಲ್ಲ ಸುನಿತಾ. ಕತ್ತು ಎತ್ತಿದ್ರ ಕಾಣ್ತದ. ಅದಕ್ಕ ಪ್ಲಾನ್ ಯಾಕ?"

"ಹೊಲಾನೂ ಕೆಳಗೇ ಇರ್ತದ. ಅದಕ್ಕ ನಕಾಶಿ ಯಾಕ್ರಿ?"

ಇದಕ್ಕೆ ಉತ್ತರ ಹುಡುಕುವುದಕ್ಕಿಂತ ನಕ್ಷತ್ರ ಹುಡುಕುವುದೇ ಸುಲಭವೆನಿಸಿ ಮಹೇಶಕುಮಾರ ಎದ್ದು ಕೂತ. ಸಾಫ್ಟ್‌ವೇರ್ ಮೊದಲು ಊರು ಯಾವುದೆಂದು ಕೇಳಿತು. ಆಳಂದ ಎಂದು ಇಂಗ್ಲಿಷಿನಲ್ಲಿ ಹೊಡೆದ. ಕೆಳಗೊಂದು ಪಟ್ಟಿ ಬಿಚ್ಚಿಕೊಂಡಿತು. ನಿದ್ದೆಗೆಟ್ಟ ಮನುಷ್ಯ ಪಟ್ಟಿಯ ಎರಡನೆಯ ಸಾಲು ಓದುವುದಿಲ್ಲ. ಮೊದಲನೆಯದನ್ನೇ ಒತ್ತಿದ.

ಆಮೇಲೆ ಹುಡುಕಾಟ. "ಶನಿ" ಎಂದು ಹೊಡೆದರೆ ಅಂಥ ವಸ್ತು ಇಲ್ಲವೆಂದಿತು. ಕೃತ್ತಿಕೆಯೂ ಇಲ್ಲ. ಸತ್ಯ ಹೇಳಬೇಕೆಂದರೆ, ಹೊಲಗಳ ಮಧ್ಯೆ ಶನಿ ಕಾಣದ ಒಂದು ದಿನವೂ ಅವನಿಗೆ ನೆನಪಿರಲಿಲ್ಲ. ಇಲ್ಲಿ ನೋಡಿದರೆ ಶನಿಯೇ ಇಲ್ಲ.

"ಇಂಗ್ಲಿಷ್ ಹೆಸರು ಹೊಡೀರಿ!" ಅಡುಗೆಮನೆಯಿಂದ ದನಿ ಬಂತು. "ಕೃತ್ತಿಕಾಕ್ಕ ಎಂ ನಲವತ್ತೈದು ಅಂತ ಹೊಡೀರಿ."

"ಎಂ ಅಂದ್ರ ಏನು, ಮಹೇಶ ಅಂತೇನು?"

"ಮೆಸ್ಸಿಯರ್ ಅಂತ ಒಬ್ಬ ಫ್ರಾನ್ಸಿನ ಮನುಷ್ಯಾ. ಆಕಾಶದಾಗ ಮಸುಕು ಮಸುಕು ಕಾಣೋದಕ್ಕೆಲ್ಲಾ ನಂಬರ್ ಹಾಕ್ಯಾನ. ನಿಮ್ಮ ಹೆಸರ ಹಾಕಾಕ ನೀವೇನು ಹುಡುಕೀರಿ? ನಿಮ್ಮ ಚಷ್ಮಾನೂ ನಾನೇ ಹುಡುಕಿ ಕೊಡ್ತೀನಿ."

ನಂಬರೆಂದೊಡನೆ ಅವನಿಗೆ ತುಸು ಹಿತವೆನಿಸಿತು. ಆಕಾಶಕ್ಕೂ ಸರ್ವೇ ನಂಬರು! ಎಂ ನಲವತ್ತೆರಡು ಹೊಡೆದ. ಅದು ಮೃಗಶಿರದ ಬಳಿಯ ನೀಹಾರಿಕೆ. ಅದಕ್ಕೇ ಇನ್ನೊಂದು ಪಟ್ಟಿಯಲ್ಲಿ ಬೇರೆ ನಂಬರಿತ್ತು. ಒಂದೇ ಆಸ್ತಿಗೆ ಹಳೇ ನಂಬರೊಂದು, ಹೊಸ ನಂಬರೊಂದು. ಪುಣ್ಯಕ್ಕೆ ನೀಹಾರಿಕೆಗೆ ಅಣ್ಣತಮ್ಮಂದಿರಿರಲಿಲ್ಲ.

ಒಂದೇ ಒಂದು ಸಂಗತಿ ವಿಚಿತ್ರವಾಗಿತ್ತು. ಇವತ್ತಿನ ಸೂರ್ಯಾಸ್ತ ರಾತ್ರಿ ಒಂಬತ್ತಕ್ಕೆ ಎಂದು ಸಾಫ್ಟ್‌ವೇರ್ ತೋರಿಸುತ್ತಿತ್ತು. ಫೆಬ್ರುವರಿಯಲ್ಲಿ ಆಳಂದದ ಸೂರ್ಯ ಆರೂವರೆಗೆಲ್ಲ ಮುಳುಗಿರುತ್ತಾನೆ. ಮಹೇಶಕುಮಾರ ಕ್ಷಣಕಾಲ ಯೋಚಿಸಿದ. ಸಾಮಾನ್ಯರ ಸೂರ್ಯ ಬೇರೆ, ವಿಜ್ಞಾನಿಗಳ ಸೂರ್ಯ ಬೇರೆ ಇದ್ದೀತು ಎಂದುಕೊಂಡ. ಸುನಿತಾಳನ್ನು ಕೇಳಬಹುದಿತ್ತು. ಕೇಳಿದರೆ ಪಾಠ ಶುರುವಾಗುತ್ತಿತ್ತು. ಕೇಳಲಿಲ್ಲ.

ನಾಲ್ಕರ ಸುಮಾರಿಗೆ ಮಾವ ಜಗದೇವಪ್ಪ ಬಂದರು. ಜೇವರ್ಗಿಯಲ್ಲಿ ತೊಗರಿ ವ್ಯಾಪಾರ ಅವರದು. ಮೂರು ಹೊತ್ತೂ ಲಿಂಗಪೂಜೆ, ಎರಡು ಹೊತ್ತು ಊಟ, ಮಾತಿಗೆ ಮಾತ್ರ ಹೊತ್ತುಗೊತ್ತಿಲ್ಲ. ಚಹಾ ಕುಡಿದು, ಅಳಿಯನ ಪಕ್ಕ ಕೂತು ಲ್ಯಾಪ್‌ಟಾಪಿಗೆ ಇಣುಕಿದರು.

"ಅಳಿಯಂದ್ರ, ನನಗ ಉಳಿದಿದ್ದೇನೂ ಬ್ಯಾಡ. ಅಗಸ್ತ್ಯ ನಕ್ಷತ್ರ ಒಂದು ತೋರಿಸ್ರಿ. ಸಣ್ಣಾವ ಇದ್ದಾಗ ಕಣದಾಗ ಮಲಗಿಸಿಕೊಂಡು ನಮ್ಮಪ್ಪ ತೋರಿಸ್ತಿದ್ದ. ಈಗೂ ವರ್ಷಾ ನೋಡ್ತೀನಿ. ದುರ್ಬೀನಿನ್ಯಾಗ ಹೆಂಗ ಕಾಣ್ತದ ನೋಡ್ಬೇಕು."

ಅಗಸ್ತ್ಯನ ಇಂಗ್ಲಿಷ್ ಹೆಸರು ಕೆನೋಪಸ್ ಎಂದು ಸುನಿತಾ ಕೂಗಿ ಹೇಳಿದಳು. ಮೂರು ಬಗೆಯಲ್ಲಿ ತಪ್ಪು ಹೊಡೆದು ನಾಲ್ಕನೆಯ ಸಲ ಮಹೇಶಕುಮಾರ ಅದನ್ನು ಹಿಡಿದ. ಹೆಸರಿನ ಮುಂದೆ ಕೆಂಪಕ್ಷರದಲ್ಲಿ ಒಂದು ಸಾಲು ಬಂತು. ಅವನು ಎರಡು ಸಲ ಓದಿದ.

"ಮಾವಾರ, ಇದು ನಮ್ಮ ಊರಾಗ ಹುಟ್ಟಂಗಿಲ್ಲಂತ್ರಿ."

"ಇವತ್ತ ಹುಟ್ಟಂಗಿಲ್ಲೇನು?"

"ಎಂದೂ ಹುಟ್ಟಂಗಿಲ್ಲಂತ."

ಜಗದೇವಪ್ಪ ಕಪ್ಪು ಕೆಳಗಿಟ್ಟರು. "ಜೇವರ್ಗ್ಯಾಗ ದಿನಾ ಹುಟ್ತದ. ಆಳಂದದಾಗ ಹುಟ್ಟಂಗಿಲ್ಲ?"

"ಕಂಪ್ಯೂಟರ್ ಹೇಳಾಕತ್ತದರಿ."

"ಎಂಥಾ ಊರಿಗಿ ಕೊಟ್ಟೆನಲ್ಲೋ ಶಿವನೇ ನನ್ನ ಮಗಳ್ನ!" ಎಂದರು ಜಗದೇವಪ್ಪ. "ನೀರು ಎರಡು ದಿನಕ್ಕೊಮ್ಮೆ ಬರ್ತದ ಅಂದ್ರು, ಸುಮ್ನಾದೆ. ಈಗ ನಕ್ಷತ್ರಾನೂ ಇಲ್ಲಂತಾರ!"

ಹುಟ್ಟೂರಿನ ಮಾತು ಬಂದಾಗ ಮಹೇಶಕುಮಾರನಿಗೆ ನಿದ್ದೆ ಹಾರಿತು. "ಹಂಗಲ್ರಿ ಮಾವಾರ. ಇದರಾಗ ಅಕ್ಷಾಂಶದ ಲೆಕ್ಕ ಇರ್ತದ. ನನ್ನ ದಂಧೇನೇ ಇದು."

ಸುನಿತಾ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. "ಏನ್ರಿ, ಕೆನೋಪಸ್ ನಮ್ಮ ಕಡಿ ಕಾಣಬೇಕಲ್ರಿ. ಇನ್ನೊಮ್ಮೆ ಸರಿಯಾಗಿ ನೋಡ್ರಿ."

ಇನ್ನೊಮ್ಮೆ ಸರಿಯಾಗಿ ನೋಡ್ರಿ! ವಾರವಿಡೀ ಮಟಕಿಯಲ್ಲಿ ಅಣ್ಣನೂ ಇದನ್ನೇ ಹೇಳಿದ್ದ, ತಮ್ಮನೂ ಇದನ್ನೇ ಹೇಳಿದ್ದ. ಮಹೇಶಕುಮಾರ ಎದ್ದುಹೋಗಿ ರೊಟ್ಟಿಯ ಖಾಲಿ ಬುಟ್ಟಿ ತಂದು ಬೋರಲು ಹಾಕಿದ. "ಇದು ಭೂಮಿ ಅಂತ ತಿಳೀರಿ. ಇಲ್ಲಿ ಕೆಳಗ ಜೇವರ್ಗಿ. ಮ್ಯಾಲ ಇಲ್ಲಿ ಆಳಂದ. ನಡುವ ಭೂಮಿ ಉಬ್ಬ್ಯಾದ. ಜೇವರ್ಗ್ಯಾಗ ನಿಂತವರಿಗಿ ಅಗಸ್ತ್ಯ ಕಾಣ್ತಾನ, ನಮಗ ಈ ಉಬ್ಬು ಅಡ್ಡ ಬರ್ತದ."

ಮಾವ ಬುಟ್ಟಿಯನ್ನು ಬಹಳ ಹೊತ್ತು ನೋಡಿದರು. "ಇದರಾಗ ಅಫಜಲಪೂರ ಎಲ್ಲಿ ಬಂತು?"

"ಇಲ್ಲಿ ನಡುವ."

"ಅಫಜಲಪೂರ ಕಡಿ ಕರಜಗ್ಯಾಗ ನಮ್ಮ ತಮ್ಮ ಶಂಕರಲಿಂಗ ಅದಾನ. ಅವನಿಗಿ ಕಾಣ್ತದೋ ಇಲ್ಲೋ?"

ಇಷ್ಟು ದೂರ ಬಂದ ಮೇಲೆ ಹಿಂದೆ ಸರಿಯುವ ಹಾಗಿರಲಿಲ್ಲ. "ಅವರಿಗಿ ಅರ್ಧ ಕಾಣ್ತದರಿ."

ಜಗದೇವಪ್ಪ ಆ ಕ್ಷಣವೇ ಮೊಬೈಲು ತೆಗೆದರು. "ಶಂಕರಾ, ಕತ್ತಲಾದ ಮ್ಯಾಲ ಹೊಲದಾಗ ನಿಂತು ಅಗಸ್ತ್ಯ ನೋಡು. ಪೂರಾ ಅದನೋ ಅರ್ಧ ಅದನೋ ಫೋನ್ ಮಾಡಿ ಹೇಳು. ಯಾಕ ಅಂತ ಕೇಳಬ್ಯಾಡ. ಅಳಿಯಂದ್ರು ಹೇಳ್ಯಾರ."

ಸುನಿತಾ ಮಾತಾಡದೆ ಒಳಗೆ ಹೋದಳು. ಅವಳು ಮಾತಾಡದಿದ್ದಾಗ ಅಡುಗೆಮನೆಯ ಪಾತ್ರೆಗಳು ಮಾತಾಡುತ್ತವೆ. ಆ ಹೊತ್ತು ಅವು ತುಂಬ ಮಾತಾಡಿದವು.

ಏಳು ಗಂಟೆಗೆ ಅನುರಾಧಾ ಟೀಚರ್ ಮತ್ತು ಭೂಗೋಳದ ಖುರ್ಷಿದ ಟೀಚರ್ ಬಂದರು. ಎಲ್ಲರೂ ಮಾಳಿಗೆ ಹತ್ತಿದರು. ದೂರದರ್ಶಕ, ಅದರ ಮುಕ್ಕಾಲಿ, ನಾಲ್ಕು ಕುರ್ಚಿ, ಲ್ಯಾಪ್‌ಟಾಪು, ಭಜಿ ತಟ್ಟೆ, ಇವೆಲ್ಲ ಮಹೇಶಕುಮಾರನ ಕೈಯಲ್ಲೇ ಹತ್ತಿದವು. ಆಕಾಶ ತೊಳೆದಿಟ್ಟಂತಿತ್ತು. ಜಗದೇವಪ್ಪ ನೇರ ದಕ್ಷಿಣಕ್ಕೆ ತಿರುಗಿದರು. ಅಲ್ಲಿ ಪಕ್ಕದ ಮನೆಯ ನೀರಿನ ಕರೀ ಟಾಕಿ ದಿಕ್ಕನ್ನೆಲ್ಲ ಆಕ್ರಮಿಸಿಕೊಂಡು ಕೂತಿತ್ತು.

"ನೋಡಿದ್ರೇನು ಮಾವಾರ? ಇಲ್ಲ," ಎಂದ ಮಹೇಶಕುಮಾರ. ಅವನ ದನಿಯಲ್ಲಿ ಗೆಲುವಿಗಿಂತ ಬಿಡುಗಡೆಯೇ ಹೆಚ್ಚಿತ್ತು.

ಜಗದೇವಪ್ಪ ಅಳಿಯನ ಪಕ್ಕದಲ್ಲಿ ನಿಲ್ಲುವ ಮನಸ್ಸಿಲ್ಲದೆ ಕುರ್ಚಿ ಎತ್ತಿಕೊಂಡು ಮಾಳಿಗೆಯ ಆ ತುದಿಗೆ ಹೋದರು. ಕುರ್ಚಿ ಇಟ್ಟರು, ಕೂರಲಿಲ್ಲ.

"ಸುನೀ! ಬಾ ಇಲ್ಲಿ! ಅಗಸ್ತ್ಯ!"

ಎಲ್ಲರೂ ಓಡಿದರು. ಟಾಕಿಯ ಮರೆ ತಪ್ಪಿದ ಆ ಜಾಗದಿಂದ, ಲುಬ್ಧಕನ ಕೆಳಗೆ, ಮನೆಗಳ ಸಾಲಿನ ಮೇಲೆ ಅದು ಬೆಳ್ಳಗೆ, ನಿಶ್ಚಿಂತೆಯಿಂದ ಹೊಳೆಯುತ್ತಿತ್ತು. ಪೂರ್ತಿಯಾಗಿಯೇ ಇತ್ತು.

ಅಷ್ಟರಲ್ಲಿ ಖುರ್ಷಿದ ಟೀಚರ್ ಹಿಂತಿರುಗಿ ಲ್ಯಾಪ್‌ಟಾಪಿನ ಮುಂದೆ ನಿಂತಿದ್ದರು. "ಸರ್, ಇದರಾಗ ಇನ್ನಾ ಹಗಲು ತೋರಸಾಕತ್ತದಲ್ರಿ. ಸೂರ್ಯ ಮ್ಯಾಲೇ ಅದಾನ."

"ಅದು ವಿಜ್ಞಾನಿಗಳ ಸೂರ್ಯರಿ," ಎಂದ ಮಹೇಶಕುಮಾರ ಮೆಲ್ಲಗೆ.

ಸುನಿತಾ ಅವನ ಕಡೆ ನೋಡಿದಳು. ಖುರ್ಷಿದ ಟೀಚರ್ ಊರಿನ ಹೆಸರಿರುವ ಕಡೆ ಒತ್ತಿದರು. ನಕ್ಷೆ ಬಂತು. ಸುತ್ತ ನೀಲಿ ಸಮುದ್ರ, ನಡುವೆ ಉಪ್ಪು ಚೆಲ್ಲಿದಂತೆ ಸಣ್ಣ ಸಣ್ಣ ದ್ವೀಪಗಳು.

"ಇದು ನಮ್ಮ ಆಳಂದ ಅಲ್ರಿ ಸರ್," ಎಂದರು ಅವರು ತುಂಬ ಸೌಜನ್ಯದಿಂದ. "ಫಿನ್‌ಲ್ಯಾಂಡ್ ದೇಶದ ದ್ವೀಪಗಳು, ಸ್ವೀಡನ್ ಬಾಜೂಕ, ಭಾಳ ಉತ್ತರಕ್ಕ. ನಮಗ ಒಂಬತ್ತಾದಾಗ ಅಲ್ಲಿ ಹೊತ್ತು ಮುಳಗ್ತದ, ಅಗಸ್ತ್ಯ ಅಲ್ಲಿ ಎಂದೂ ಹುಟ್ಟಂಗಿಲ್ಲ. ಇಂಗ್ಲಿಷ್ ಅಕ್ಷರ ಅವೇ ಅದಾವ, ಬರೇ ಮೊದಲನೇ ಅಕ್ಷರದ ತಲಿ ಮ್ಯಾಲ ಒಂದು ಸಣ್ಣ ಸೊನ್ನಿ ಅದ."

"ಸೊನ್ನಿ ನೋಡಿದ್ನಿ," ಎಂದ ಮಹೇಶಕುಮಾರ. "ಧೂಳು ಅಂತ ಒರಸಿದ್ನಿ."

ಯಾರೂ ನಗಲಿಲ್ಲ. ಅನುರಾಧಾ ಟೀಚರ್ ಮಾತ್ರ ಭಜಿ ಗಂಟಲಿಗೆ ಸಿಕ್ಕಂತೆ ಮಾಡಿ ಆ ಕಡೆ ತಿರುಗಿದರು. ಸುನಿತಾ ಊರಿನ ಪಟ್ಟಿ ಮತ್ತೆ ತೆರೆದು, ಎರಡನೆಯ ಸಾಲಿನಲ್ಲಿದ್ದ ತಮ್ಮ ಆಳಂದವನ್ನು ಒತ್ತಿದಳು. ಪರದೆ ಒಮ್ಮೆಲೇ ಕಪ್ಪಾಗಿ ನಕ್ಷತ್ರ ತುಂಬಿಕೊಂಡಿತು. ಕೆಂಪಕ್ಷರ ಮಾಯವಾಗಿ ಅಗಸ್ತ್ಯ ದಕ್ಷಿಣದಲ್ಲಿ ಸರಿಯಾದ ಜಾಗದಲ್ಲಿ ಬಂದು ನಿಂತ.

ಆಗಲೇ ಕರಜಗಿಯಿಂದ ಫೋನು ಬಂತು. ಸ್ಪೀಕರ್ ಹಾಕದಿದ್ದರೂ ಮಾಳಿಗೆಗೆಲ್ಲ ಕೇಳಿತು. "ಅಣ್ಣಾ, ಪೂರಾ ಅದ! ನಾಕು ಮಂದೀನ ಕರ್ಕೊಂಡು ಹೋಗಿ ನೋಡೀನಿ. ಅರ್ಧ ಎಲ್ಲಿ ಹೋಗಿತ್ತಂತ?"

"ಪರದೇಶಕ್ಕ ಹೋಗಿತ್ತು, ಈಗ ಬಂತು," ಎಂದು ಶುರು ಮಾಡಿ ಜಗದೇವಪ್ಪ ಇಡೀ ವೃತ್ತಾಂತವನ್ನು, ಬುಟ್ಟಿಯ ಸಮೇತ, ಎರಡು ಸಲ ಹೇಳಿದರು. ಎರಡನೆಯ ಸಲ ಶಂಕರಲಿಂಗನ ಹೆಂಡತಿಗಾಗಿ.

ಮಹೇಶಕುಮಾರ ಮೂಲೆಯಲ್ಲಿ ನಿಂತು ತಣ್ಣಗಾದ ಭಜಿ ತಿಂದ. ಮಾವ ದೂರದರ್ಶಕಕ್ಕೆ ಕಣ್ಣು ಹಚ್ಚಿ ನೋಡಿದರು. ಅದರಲ್ಲೂ ಅಗಸ್ತ್ಯ ಚುಕ್ಕಿಯೇ, ಸ್ವಲ್ಪ ಹೆಚ್ಚು ಹೊಳೆಯುವ ಚುಕ್ಕಿ. ಆದರೂ ಅವರು ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. ತೆಗೆದಾಗ ಮುಖದಲ್ಲಿ ಸಿಟ್ಟಿರಲಿಲ್ಲ. ಅಳಿಯನ ಹತ್ತಿರ ಬಂದು ಹೆಗಲ ಮೇಲೆ ಕೈಯಿಟ್ಟರು.

"ಇರ್ಲಿ ಬಿಡ್ರಿ ಅಳಿಯಂದ್ರ. ದುಡದು ದಣದೀರಿ, ಕಣ್ಣು ತಪ್ತದ. ನಾಳಿ ಶಂಕರಾ, ಅವನ ಹೆಂಡ್ತಿ, ಮಕ್ಕಳು ಎಲ್ಲಾ ಬರ್ತಾರಂತ. ದುರ್ಬೀನೂ ನೋಡ್ಬೇಕಂತ, ನಿಮ್ಮನ್ನೂ ನೋಡ್ಬೇಕಂತ. ಮುಂಜಾನಿ ಎದ್ದು ಬಸ್ ಸ್ಟ್ಯಾಂಡಿಗಿ ಹೋಗಿ ಕರ್ಕೊಂಡು ಬರ್ರಿ."

"ಆಗ್ಲಿರಿ ಮಾವಾರ," ಎಂದ ಆಳಂದದಲ್ಲೇ ಹುಟ್ಟಿ ಬೆಳೆದ ಮಹೇಶಕುಮಾರ.

ಜಗದೇವಪ್ಪ ಎರಡು ಮೆಟ್ಟಿಲು ಇಳಿದು ಏನೋ ಯೋಚನೆ ಬಂದಂತೆ ನಿಂತರು. ಹಿಂತಿರುಗಿ, ನಿಜವಾದ ಕಾಳಜಿಯಿಂದ ಹೇಳಿದರು:

"ದಾರಿ ತಿಳೀಲಿಲ್ಲಂದ್ರ ಸುನೀನ್ನ ಜೋಡಿ ಕರ್ಕೊಂಡು ಹೋಗ್ರಿ."