ಮಿಕ್ಸರ್ ಪ್ಲಗ್ಗಿನ ಸ್ಕೂಟರು

ಎಲೆಕ್ಟ್ರಿಕ್ ಗಾಡಿಗಳಿಗೆ ಉಜ್ವಲ ಭವಿಷ್ಯವಿದೆ ಎಂದು ಪೇಪರಿನಲ್ಲಿ ಓದಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಭವಿಷ್ಯದ ಮೇಲೆ ನನಗೇನೂ ದ್ವೇಷವಿಲ್ಲ. ಅದನ್ನು ಎಲ್ಲರಿಗಿಂತ ಮೊದಲು ಮನೆಗೆ ತಂದವನನ್ನು ಯಾರೂ ಒಂದು ಮಾತು ಕೇಳುವುದಿಲ್ಲವಲ್ಲ, ಅದಕ್ಕೆ ಸಿಟ್ಟು. ಕೋಟು ಹಾಕಿದವರು ಟಿವಿಯಲ್ಲಿ ಕುಳಿತು ಮಾರುಕಟ್ಟೆ ಹೇಗೆ ಬೆಳೆಯುತ್ತದೆ ಎಂದು ಗೆರೆ ಎಳೆದು ತೋರಿಸುತ್ತಾರೆ. ಆ ಗೆರೆ ಬಲಗಡೆ ಆಕಾಶಕ್ಕೆ ಏರಿರುತ್ತದೆ. ಎಡಗಡೆ ಮೂಲೆಯಲ್ಲಿ ನೆಲಕ್ಕೆ ಅಂಟಿಕೊಂಡು, ಇದೆಯೋ ಇಲ್ಲವೋ ಎಂಬ ಹಾಗೆ ಹೊರಡುತ್ತದೆ ನೋಡಿ, ಅಲ್ಲಿ ನಾನಿದ್ದೇನೆ. ಮುಂಬೈ ಪಕ್ಕದ ಡೊಂಬಿವಲಿ ಪೂರ್ವದ ಹಳೆಯ ಕಟ್ಟಡವೊಂದರ ಎರಡನೇ ಮಹಡಿಯಲ್ಲಿ, ಕೈಯಲ್ಲೊಂದು ವೈರು ಹಿಡಿದುಕೊಂಡು.

ಆ ಸ್ಕೂಟರು ಕೊಂಡದ್ದು ಎರಡು ಸಾವಿರದ ಎಂಟರಲ್ಲೋ ಒಂಬತ್ತರಲ್ಲೋ. ಕೊಂಡ ಕಾರಣವನ್ನು ಕೇಳಿದವರಿಗೆಲ್ಲ ಬೇರೆ ಬೇರೆಯಾಗಿ ಹೇಳಿದ್ದೇನೆ. ಪರಿಸರಕ್ಕಾಗಿ ಎಂದು ಆಫೀಸಿನಲ್ಲಿ, ಸ್ಟೇಷನ್ನಿನ ರಿಕ್ಷಾ ಲೈನಿನಲ್ಲಿ ನಿಂತು ಸಾಕಾಗಿ ಎಂದು ಮನೆಯಲ್ಲಿ. ಹೇಳಿ ಹೇಳಿ ಈಗ ಯಾವುದು ನಿಜವೆಂದು ನನಗೇ ತಿಳಿಯದು. ಬಹುಶಃ ಅಂಗಡಿಯವನು ಕನ್ನಡ ಮಾತಾಡಿದನೆಂಬುದೇ ನಿಜವಾದ ಕಾರಣ. ನಾನು ವಾಗ್ಳೆ ಎಸ್ಟೇಟಿನ ಕಾರ್ಖಾನೆಯೊಂದರ ಸ್ಟೋರಿನಲ್ಲಿ ಕೆಲಸ ಮಾಡುತ್ತಿದ್ದೆ. ಒಂದು ಸಂಜೆ ಮಾಜಿವಾಡಾದ ಹತ್ತಿರ ಹೊಸ ಶೋರೂಮಿಗೆ ಸುಮ್ಮನೆ ಹೊಕ್ಕರೆ, ಕಲಬುರಗಿ ಕಡೆಯ ಸೇಲ್ಸ್‌ಮನ್ ನನ್ನ ಹಿಂದಿಯನ್ನು ಕೇಳಿದವನೇ ಮುಖ ಅರಳಿಸಿ, "ಕನ್ನಡದವ್ರೇನ್ರಿ ಸರ? ಬರ್ರಿ ಬರ್ರಿ, ಕುಂದರ್ರಿ" ಎಂದ. ಮುಂಬೈ ಕಡೆ ಇರುವ ನಮಗೊಂದು ರೋಗವಿದೆ. ಅಪರಿಚಿತನ ಬಾಯಲ್ಲಿ ಕನ್ನಡ ಕೇಳಿದೊಡನೆ ಬುದ್ಧಿ ಕೆಲಸ ನಿಲ್ಲಿಸುತ್ತದೆ. "ಲೈಸನ್ಸ್ ಬ್ಯಾಡ, ನಂಬರ್ ಪ್ಲೇಟ್ ಬ್ಯಾಡ, ಪೆಟ್ರೋಲ್ ಬ್ಯಾಡ. ಮುಂದ ಎಲ್ಲಾ ಇದ ಬರೋದ್ರಿ ಸರ" ಎಂದ. ಎಷ್ಟೊಂದು ಬೇಡಗಳು! ನಾನು ಒಂದು ಬೇಕು ಎಂದುಬಿಟ್ಟೆ.

ಮಾಜಿವಾಡಾದಿಂದ ಡೊಂಬಿವಲಿಯವರೆಗೆ ಅದರ ಬ್ಯಾಟರಿ ಬಾಳುತ್ತದೆಂದು ಅಂಗಡಿಯವನಿಗೇ ಧೈರ್ಯವಿರಲಿಲ್ಲ. ಆದ್ದರಿಂದ ಭವಿಷ್ಯವು ನಮ್ಮ ಮನೆಗೆ ಡೀಸೆಲ್ ಟೆಂಪೋದಲ್ಲಿ, ಹೊಗೆ ಕಾರುತ್ತಾ ಬಂತು.

ಸಂಕಟ ಶುರುವಾದದ್ದು ಆಮೇಲೆ. ಪಾರ್ಕಿಂಗಿನಲ್ಲಿ ಪ್ಲಗ್ಗಿರಲಿಲ್ಲ. ನಮ್ಮ ಕಟ್ಟಡದ ಸೊಸೈಟಿಯ ಸೆಕ್ರೆಟರಿ ಪರಾಂಜಪೆಯವರು ನಮ್ಮ ಕೆಳಗೇ, ಮೊದಲ ಮಹಡಿಯಲ್ಲಿ ಇರುವವರು. ನನ್ನ ಮೀಟರಿನಿಂದಲೇ ಕೆಳಗೊಂದು ಪ್ಲಗ್ ಹಾಕಿಸಿಕೊಳ್ಳುತ್ತೇನೆ, ಅನುಮತಿ ಕೊಡಿ ಎಂದು ಹೋದೆ. ಅವರು ಕನ್ನಡಕ ಒರೆಸುತ್ತಾ, "ರಾವ್‌ಸಾಹೇಬ್, ನಿಯಮ ಮ್ಹಣಜೇ ನಿಯಮ. ಆಜ್ ಏಕಾಲಾ ದಿಲಾ, ಉದ್ಯಾ ಸಗಳೇ ಮಾಗತೀಲ" ಎಂದರು. ನಿಯಮವೆಂದರೆ ನಿಯಮವಂತೆ, ಇಂದು ಒಬ್ಬನಿಗೆ ಕೊಟ್ಟರೆ ನಾಳೆ ಎಲ್ಲರೂ ಕೇಳುತ್ತಾರಂತೆ! ಎಲ್ಲರೂ ಕೇಳಿದರೆ ತಾನೇ ಸ್ವಾಮಿ ಜಗತ್ತು ಮುಂದೆ ಹೋಗುವುದು? ಈ ಉತ್ತರ ನನಗೆ ಹೊಳೆದದ್ದು ಮೆಟ್ಟಿಲು ಹತ್ತಿ ಮನೆ ಸೇರಿದ ಮೇಲೆ. ಆದರೂ ಅಲ್ಲೇ ಮುಖದ ಮೇಲೆ ಹೇಳಿ ಬಂದೆನೆಂದು ಎಷ್ಟೋ ಜನಕ್ಕೆ ಹೇಳಿದ್ದೇನೆ.

ಕೊನೆಗೆ ಅಡುಗೆಮನೆಯ ಕಿಟಕಿಯಿಂದ ವೈರು ಇಳಿಬಿಟ್ಟೆ. ಅಡುಗೆಮನೆಯಲ್ಲಿ ಇದ್ದದ್ದು ಒಂದೇ ಪ್ಲಗ್ಗು, ಮಿಕ್ಸರಿನದು. ಸ್ಕೂಟರು ಉಣ್ಣುವಾಗ ಚಟ್ನಿ ಇಲ್ಲ, ಚಟ್ನಿ ತಿರುವುವಾಗ ಸ್ಕೂಟರಿಗೆ ಉಪವಾಸ. ಜೊತೆಗೆ ಆ ಕಾಲದ ನಮ್ಮೂರಿನ ಲೋಡ್‌ಶೆಡ್ಡಿಂಗ್. ಇದ್ದ ಕರೆಂಟಿಗೆ ನಾನೂ ನನ್ನ ಹೆಂಡತಿ ಸುಮತಿಯೂ ದಾಯಾದಿಗಳಂತೆ ಕಾದಾಡಿದೆವು. "ಎಂತ ಮಾರಾಯ್ರೆ, ನಾನು ಮದುವೆಯಾದದ್ದು ನಿಮ್ಮನ್ನಾ, ಬ್ಯಾಟರಿಯನ್ನಾ? ಅದಕ್ಕೆ ಹೊಟ್ಟೆ ತುಂಬಿದ ಮೇಲೆ ನಮಗೆ ದೋಸೆಯಾ?" ಎಂದು ಅವಳು. ಇನ್ನು ಆ ವೈರು ಪರಾಂಜಪೆಯವರ ಕಿಟಕಿಯ ಮುಂದೆಯೇ ಹಾದುಹೋಗುತ್ತಿತ್ತು. ಅವರ ಮನೆಯವರು ಅದರ ಮೇಲೆ ಟವೆಲ್ ಒಣಹಾಕುತ್ತಿದ್ದರು. ವೈರಿನಿಂದ ಅಪಾಯವಿದೆಯೆಂದು ನನಗೆ ನೋಟಿಸು ಕೊಟ್ಟ ದಿನವೂ ಅದರ ಮೇಲೆ ಎರಡು ಟವೆಲ್ ಒಣಗುತ್ತಿದ್ದವು.

ಓಡುವ ಸುಖವಾದರೂ ಇತ್ತೇ? ಹೆಂಡತಿಯನ್ನು ಕೂರಿಸಿಕೊಂಡು ಹಳಿಯಾಚೆಯ ಡೊಂಬಿವಲಿ ಪಶ್ಚಿಮಕ್ಕೆ ಹೊರಟರೆ ರೈಲ್ವೆ ಫ್ಲೈಓವರಿನ ನಡುವೆ ಅದು ಉಸಿರು ಬಿಡುತ್ತಿತ್ತು. ಸುಮತಿ ಇಳಿದು ನಡೆಯುವಳು, ನಾನು ಹ್ಯಾಂಡಲ್ ಹಿಡಿದು ಮುಂದಕ್ಕೆ ಬಗ್ಗಿ ಕೂರುವೆನು. ಅವಳೇ ಮೊದಲು ಮೇಲೆ ತಲುಪಿ ಕೈಚೀಲ ನೆಲಕ್ಕಿಟ್ಟು ಕಾಯುತ್ತಿದ್ದಳು. ದಾರಿಹೋಕರು "ಪೆಟ್ರೋಲ್ ಸಂಪಲಾ ಕಾ, ಕಾಕಾ?" ಎಂದು ಮರುಗುತ್ತಿದ್ದರು. ಪೆಟ್ರೋಲ್ ಮುಗಿದಿಲ್ಲವಪ್ಪಾ, ಇದಕ್ಕೆ ಪೆಟ್ರೋಲ್ ಶುರುವೇ ಆಗಿಲ್ಲ ಎಂದು ಎಷ್ಟು ಮಂದಿಗೆ ವಿವರಿಸಲಿ? ವಾಗ್ಳೆ ಎಸ್ಟೇಟಿನಲ್ಲಿ ಹೋಟೆಲ್ ಇಟ್ಟಿರುವ ಸುಮತಿಯ ಅಣ್ಣ ಸದಾಶಿವ ಅದನ್ನು ಮೊದಲ ಸಲ ನೋಡಿದವನು, ಸುತ್ತ ಒಂದು ಸುತ್ತು ಬಂದು, "ಅಲ್ಲ ಭಾವ, ಇದು ಗಾಡಿಯಾ ಗ್ರೈಂಡರಾ? ಅಕ್ಕಿ ಹಾಕಿದ್ರೆ ಹಿಟ್ಟು ಬರ್ತದಾ?" ಎಂದಿದ್ದ.

ಅದೇ ಸದಾಶಿವ ಆ ವರ್ಷದ ಆಯುಧ ಪೂಜೆಗೆ ಬಂದ. ಆಯುಧ ಪೂಜೆಯೆಂದರೆ ನಮ್ಮವರಿಗೆ ಗಾಡಿಯನ್ನು ತೊಳೆಯುವ ಹಬ್ಬ. ತೊಳೆಯುವುದೆಂದರೆ ಒರೆಸುವುದಲ್ಲ. ಎಮ್ಮೆಯ ಮೈ ತೊಳೆದ ಹಾಗೆ ಪೈಪು ಹಿಡಿದು, ಸೀಟು ಎತ್ತಿ, ಸಂದುಗೊಂದಿಗೆಲ್ಲ ನೀರು ಬಿಟ್ಟು ತೊಳೆಯಬೇಕು. ಹಾಗೆಯೇ ತೊಳೆಯಲಾಯಿತು. ತೊಳೆದದ್ದು ಸದಾಶಿವ. ನನಗೆ ಚೆನ್ನಾಗಿ ನೆನಪಿದೆ, ಅವನು ಪಂಚೆ ಎತ್ತಿ ಕಟ್ಟಿದ್ದ. ಪೈಪು ನನ್ನ ಕೈಯಲ್ಲಿತ್ತೆಂದೂ, "ಸೀಟಿನ ಅಡಿಗೆ ಬೇಡ, ಕರೆಂಟಿನ ಸಾಮಾನು ಉಂಟು" ಎಂದು ತಾನು ಕಿಟಕಿಯಿಂದ ಕೂಗಿದೆನೆಂದೂ ಸುಮತಿ ಹೇಳುತ್ತಾಳೆ. ಸದಾಶಿವನನ್ನು ಕೇಳಿದರೆ ಆ ವರ್ಷ ತಾನು ಬಂದೇ ಇರಲಿಲ್ಲ ಎನ್ನುತ್ತಾನೆ. ಇಂಥ ಸಾಕ್ಷಿಗಳನ್ನು ಇಟ್ಟುಕೊಂಡು ಇತಿಹಾಸ ಬರೆಯುವವರ ಧೈರ್ಯವನ್ನು ಮೆಚ್ಚಬೇಕು.

ಅರಿಸಿನ ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ, ಎರಡು ಚಕ್ರದಡಿಗೂ ಒಂದೊಂದು ನಿಂಬೆಹಣ್ಣು ಇಟ್ಟೆವು. ಅದರ ಮೇಲೆ ಗಾಡಿ ಹಾಯಿಸಿದರೆ ಪೂಜೆ ಮುಗಿದಂತೆ. ನಾನು ಕೂತು ಕೀಲಿ ತಿರುಗಿಸಿದೆ. ಸೀಟಿನ ಅಡಿಯಿಂದ ಯಾರೋ ಚಿಟಿಕೆ ಹೊಡೆದ ಹಾಗೆ ಸಣ್ಣದೊಂದು ಸದ್ದು ಬಂತು, ಅಷ್ಟೇ. ನಿಂಬೆಹಣ್ಣುಗಳು ದುಂಡಗೆ, ಗಾಯವಿಲ್ಲದೆ ಉಳಿದವು.

ರಿಪೇರಿಗೆಂದು ಮಾಜಿವಾಡಾಕ್ಕೆ ಹೋದರೆ ಶೋರೂಮ್ ಇದ್ದಲ್ಲಿ ಪರದೆ ಬಟ್ಟೆಯ ಅಂಗಡಿಯಿತ್ತು. ಆ ಸೇಲ್ಸ್‌ಮನ್ ಕೆಲವು ವರ್ಷಗಳ ನಂತರ ಕಲ್ಯಾಣ ಸ್ಟೇಷನ್ನಿನ ಹೊರಗೆ ಸಿಕ್ಕಿದ. ಜಗಳವಾಡಲೆಂದೇ ಹತ್ತಿರ ಹೋದೆ. ಅವನು ಈಗ ಮಾರುತ್ತಿದ್ದ ಹೊಸ ಫ್ಲ್ಯಾಟುಗಳ ಕರಪತ್ರ ಕೈಗಿಟ್ಟು, "ತಗೋರಿ ಸರ, ಮುಂದ ಎಲ್ಲಾ ಇಲ್ಲೇ ಬರೋದ್ರಿ" ಎಂದ. ಕನ್ನಡದಲ್ಲಿ ಹೇಳಿದನಾದ್ದರಿಂದ ನಾನು ಆ ಕರಪತ್ರವನ್ನು ಮಡಚಿ ಜೇಬಿನಲ್ಲಿಟ್ಟುಕೊಂಡೆ.

ಸ್ಕೂಟರು ಮೀಟರ್ ರೂಮಿನ ಗೋಡೆಯ ಪಕ್ಕದಲ್ಲಿ ಹಾಗೇ ನಿಂತಿತು. ಗುಜರಿಗೆ ಕೊಡಿ ಎಂದವರಿಗೆಲ್ಲ ನನ್ನದು ಒಂದೇ ಉತ್ತರ: ಗಾಡಿಯದು ತಪ್ಪಿಲ್ಲ, ಪ್ಲಗ್ಗು ಕೊಡದ ಈ ಕಟ್ಟಡದ್ದು ತಪ್ಪು. ಸುಮತಿ ಪ್ರತಿ ಆಯುಧ ಪೂಜೆಗೂ ಅದಕ್ಕೆ ಮಾಲೆ ಹಾಕಿ, ಗಾಲಿಗೆ ನಿಂಬೆಹಣ್ಣು ಇಡುತ್ತಾ ಬಂದಳು. ಸಂಜೆ ಹಾಗೇ ತೆಗೆದುಬಿಡುತ್ತಿದ್ದಳು.

ಈಗ ಹತ್ತು ವರ್ಷಗಳಾಗಿವೆ. ಮೂರನೇ ಮಹಡಿಯ ಕಾರ್ಕಳದವರ ಮಗಳು ಪ್ರಜ್ಞಾ ನವಿ ಮುಂಬೈಯಲ್ಲಿ ಕೆಲಸಕ್ಕಿದ್ದಾಳೆ. ನಾವು ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುವ ಹುಡುಗಿ. ಎಲೆಕ್ಟ್ರಿಕ್ ಬೈಕು ಬುಕ್ ಮಾಡಿದ್ದಾಳೆ, ಪಾರ್ಕಿಂಗಿನಲ್ಲಿ ಚಾರ್ಜಿಂಗ್ ಪಾಯಿಂಟ್ ಬೇಕೆಂದು ಸೊಸೈಟಿಯ ಮೀಟಿಂಗಿನಲ್ಲಿ ಕೇಳಿದಳು. ನಾನು ಎದ್ದು ನಿಂತೆ. ಹತ್ತು ವರ್ಷದ ಸಿಟ್ಟನ್ನೆಲ್ಲ ಮೂರು ಭಾಷೆಗಳಲ್ಲಿ ಹೊರಹಾಕಿದೆ. ಜಗತ್ತೆಲ್ಲ ಮುಂದೆ ಹೋಗುತ್ತಿದೆ, ನಾವಿನ್ನೂ ಒಂದು ಪ್ಲಗ್ಗಿಗೆ ಹೆದರುತ್ತಿದ್ದೇವೆ, ನಾಚಿಕೆಯಾಗಬೇಕು ಎಂದೆ. ಪ್ಲಾಸ್ಟಿಕ್ ಕುರ್ಚಿಗಳಿಂದ ಚಪ್ಪಾಳೆ ಬಂತು. ಪರಾಂಜಪೆಯವರಿಗೆ ಈಗ ವಯಸ್ಸಾಗಿದೆ. ಕನ್ನಡಕ ಒರೆಸಿ, "ಠೀಕ್ ಆಹೇ, ದೇಊ ಯಾ" ಎಂದು ಒಪ್ಪಿಯೇಬಿಟ್ಟರು.

ಆಮೇಲೆ ಅವರು ಕೈ ತೋರಿಸಿದ ಕಡೆಗೆ ಎಲ್ಲರೂ ತಿರುಗಿದರು. ಪಾಯಿಂಟ್ ಹಾಕಲು ಆಗುವುದು ಮೀಟರ್ ರೂಮಿನ ಗೋಡೆಗೆ ಮಾತ್ರವಂತೆ. ಅಲ್ಲಿ ನನ್ನ ಸ್ಕೂಟರಿತ್ತು, ಹಿಂದಿನ ಹಬ್ಬದ ಒಣಮಾಲೆಯೊಂದಿಗೆ.

"ಅದು ಹೇಗಾಗುತ್ತದೆ?" ಎಂದೆ. ಬಾಯಿ ಅಲ್ಲಿಗೇ ನಿಲ್ಲಬೇಕಿತ್ತು. "ನಿಯಮ ಮ್ಹಣಜೇ ನಿಯಮ. ಅದು ನನ್ನ ಜಾಗ. ಆಜ್ ಏಕಾಲಾ ದಿಲಾ, ಉದ್ಯಾ ಸಗಳೇ ಮಾಗತೀಲ" ಎಂದಿತು. ಪರಾಂಜಪೆಯವರು ತಮ್ಮ ಕಳೆದುಹೋದ ಕೊಡೆ ಬೇರೆಯವರ ಕೈಯಲ್ಲಿ ಕಂಡವರಂತೆ ನನ್ನನ್ನು ನೋಡಿದರು. ಪ್ರಜ್ಞಾ, "ಅಂಕಲ್, ಆಪ್ ಹೋ ಕಿಸ್ಕೀ ತರಫ್?" ಎಂದು ಕೇಳಿದಳು. ನಾನು ಯಾರ ಕಡೆ ಎಂಬುದು ನನಗೂ ಅಷ್ಟು ಸ್ಪಷ್ಟವಿರಲಿಲ್ಲ. ಆಯುಧ ಪೂಜೆಯವರೆಗಾದರೂ ಇರಲಿ ಎಂದು ಬೇಡಿಕೊಂಡೆ. ಪೂಜೆಯೆಂದರೆ ಯಾರು ಬೇಡವೆನ್ನುತ್ತಾರೆ? ಒಪ್ಪಿದರು.

ಹಬ್ಬ ಬರುವ ವಾರವೇ. ಪ್ರಜ್ಞಾಳ ಬೈಕು ನಿನ್ನೆ ಬಂದು ಗೇಟಿನ ಹತ್ತಿರ ನಿಂತಿದೆ, ಚಾರ್ಜಿಲ್ಲದೆ. "ಈ ಸಲ ನಿಂಬೆಹಣ್ಣು ಎಷ್ಟು ತರುವುದು, ಎರಡಾ ನಾಲ್ಕಾ?" ಎಂದು ಸುಮತಿ ಕೇಳಿದಳು. ನಾಲ್ಕು ಎಂದಿದ್ದೇನೆ. ಆ ಹುಡುಗಿಯ ಬೈಕನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕೆಂದೂ ಖಡಾಖಂಡಿತವಾಗಿ ಹೇಳಿದ್ದೇನೆ. ಪೈಪನ್ನಂತೂ ನಾನು ಮುಟ್ಟುವುದಿಲ್ಲ. ಹಿಂದೆಯೂ ಮುಟ್ಟಿರಲಿಲ್ಲ.